ಮಲಪ್ರಭೆಯ ದಂಡೆಯಲ್ಲಿ ಒಂದು ಫುಟ್‌ಬಾಲ್ ಪ್ರಶ್ನೆ

ಬಾದಾಮಿಯ ಕೆಂಪು ಬಂಡೆಗಳನ್ನು ಹಿಂದೆ ಬಿಟ್ಟು, ಬನಶಂಕರಿಯ ಹೊಂಡದ ಬಳಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕುಡಿಕೆಯ ಮೊಸರು ಮಾರುವ ತಾಯಂದಿರನ್ನು ದಾಟಿ ಮುಂದೆ ಸಾಗಿದರೆ ಬಯಲು ತೆರೆದುಕೊಳ್ಳುತ್ತದೆ. ರಸ್ತೆಯ ಎರಡೂ ಕಡೆ ಜೋಳ, ಸೂರ್ಯಕಾಂತಿ, ಅಲ್ಲಲ್ಲಿ ಕಬ್ಬು. ಬಸ್ಸಿನಲ್ಲಿ ಕುಳಿತು ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮರಗಳ ಗುಂಪೊಂದು ಕಾಣಿಸುತ್ತದೆ. ಅದರಾಚೆ ಮಲಪ್ರಭೆ. ಆ ನೆರಳಿನಲ್ಲಿ ಇರುವುದೇ ಶಿವಯೋಗ ಮಂದಿರ.

ಬಾದಾಮಿಯ ಗುಹೆಗಳನ್ನೂ ಪಟ್ಟದಕಲ್ಲಿನ ಗುಡಿಗಳನ್ನೂ ನೋಡಲು ದೂರದೂರದಿಂದ ಜನ ಬರುತ್ತಾರೆ. ಅವರಲ್ಲಿ ಬಹಳಷ್ಟು ಮಂದಿ ಇಲ್ಲಿಗೆ ಬರುವುದಿಲ್ಲ. ಇಲ್ಲಿ ಚಾಲುಕ್ಯರ ಕೆತ್ತನೆಯ ಕಂಬಗಳಿಲ್ಲ, ಗೈಡುಗಳಿಲ್ಲ. ಇರುವುದು ಒಂದು ಪಾಠಶಾಲೆ, ಒಂದು ಗದ್ದುಗೆ, ದನಗಳ ಕೊಟ್ಟಿಗೆ, ತಾಳೆಗರಿಯ ಗ್ರಂಥಗಳು, ಹೊಳೆ. ಆದರೂ ನಮ್ಮ ಶಾಲೆಯ ಪ್ರವಾಸದಲ್ಲಿ ಈ ಊರನ್ನು ಸೇರಿಸಬೇಕೆಂದು ನಾನು ಪ್ರತಿಸಲ ಹಟ ಹಿಡಿಯುತ್ತೇನೆ. ವಿಜ್ಞಾನ ಕಲಿಸುವ ಮಾಸ್ತರನಿಗೆ ಮಠದಲ್ಲೇನು ಕೆಲಸ ಎಂದು ಸಹೋದ್ಯೋಗಿಗಳು ನಗುತ್ತಾರೆ. ಕೆಲಸವಿದೆ, ಅದನ್ನು ಮುಂದೆ ಹೇಳುತ್ತೇನೆ.

ಈ ಸಲದ ಪ್ರವಾಸದಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೆಂಪು ಜರ್ಸಿ ತೊಟ್ಟು ಬಂದಿದ್ದ. ಬೆನ್ನ ಮೇಲೆ 10 ಎಂಬ ಅಂಕಿ, ಅದರ ಮೇಲೆ 'ಮಾನೆ' ಎಂಬ ಹೆಸರು. ನಮ್ಮ ಕಡೆ ಮಾನೆ ಎಂಬ ಅಡ್ಡಹೆಸರಿನ ಮನೆಗಳು ಬೇಕಾದಷ್ಟಿವೆ. ಹಿಂದಿನ ಸೀಟಿನ ಹುಡುಗಿಯರು, "ಸರ್, ಇಂವ ನಮ್ಮ ಜಮಖಂಡಿ ಕಡೆಯ ಮಾನೆ ಏನ್ರೀ?" ಎಂದು ಕೇಳಿ ಬಸ್ಸನ್ನೆಲ್ಲ ನಗಿಸಿದರು. ಹುಡುಗ ನಗಲಿಲ್ಲ. ಅವನಿಗೆ ಆ ಹೆಸರು ತಮಾಷೆಯ ವಿಷಯವಾಗಿರಲಿಲ್ಲ. ಅದು ಸಾದಿಯೊ ಮಾನೆ, ಆಫ್ರಿಕಾದ ಸೆನೆಗಲ್ ದೇಶದ ಫುಟ್‌ಬಾಲ್ ಆಟಗಾರ.

ಹುಡುಗನ ತಂದೆಯೂ ನಮ್ಮೊಡನೆ ಬಂದಿದ್ದರು. ಅಡುಗೆಗೆ, ಮಕ್ಕಳನ್ನು ನೋಡಿಕೊಳ್ಳಲು ಪಾಲಕರಲ್ಲಿ ಇಬ್ಬರು ಮೂವರನ್ನು ಕರೆದೊಯ್ಯುವುದು ನಮ್ಮ ರೂಢಿ. ಆದರೆ ಅವರು ಬಂದದ್ದು ಅದಕ್ಕಲ್ಲ ಎಂಬುದು ಹೊಳೆಯ ದಂಡೆಗೆ ಬಂದಾಗ ತಿಳಿಯಿತು. ಮಕ್ಕಳು ನೀರಿನತ್ತ ಓಡಿದ ಮೇಲೆ ಅವರು ಅಂಗಿಯ ಒಳಜೇಬಿನಿಂದ ಒಂದು ಲಕೋಟೆ ತೆಗೆದರು.

"ಸರ್, ಇದನ್ನೊಂದೀಟು ಓದಿ ಹೇಳ್ರಿ. ನಮಗ ಇಂಗ್ಲಿಷ್ ತಿಳಿಯೂದಿಲ್ಲ."

ಓದಿದೆ. ಹುಡುಗನ ಆಟದ ವಿಡಿಯೊವನ್ನು ಯಾರೋ ನೋಡಿದ್ದಾರೆ. ಅವನನ್ನು ಯುರೋಪಿನ ಒಂದು ಕ್ಲಬ್ಬಿನ ಆಯ್ಕೆ ಶಿಬಿರಕ್ಕೆ ಕಳಿಸುತ್ತಾರಂತೆ. ಆಯ್ಕೆಯಾದರೆ ಅಲ್ಲಿಯೇ ಕರಾರು. ಅದಕ್ಕೆ ಮೊದಲು ಪಾಲಕರು ಎರಡೂವರೆ ಲಕ್ಷ ರೂಪಾಯಿ ಕಟ್ಟಬೇಕು.

"ಎರಡು ಎಕರೆ ಹೊಲ ಒತ್ತಿ ಇಟ್ರ ರೊಕ್ಕ ಆಗತೈತ್ರಿ. ಇಡೂದೋ ಬ್ಯಾಡೋ, ನೀವ ಹೇಳ್ರಿ."

ನನಗೆ ಕೂಡಲೆ ಉತ್ತರ ಹೇಳಲು ಬಾಯಿ ಬರಲಿಲ್ಲ. 'ಬೇಡ' ಎನ್ನುವುದು ಸುಲಭ. ಆದರೆ ಹದಿನಾಲ್ಕು ವರ್ಷದ ಹುಡುಗನ ಕಣ್ಣಿನಲ್ಲಿರುವ ಆಸೆಯನ್ನು ಒಂದು ಮಾತಿನಲ್ಲಿ ಹೊಸಕಿಹಾಕುವ ಹಕ್ಕು ಮಾಸ್ತರನಿಗೆ ಇಲ್ಲ. "ಸಂಜೀ ತನಕಾ ತಡೀರಿ. ಈ ಜಾಗಾ ನೋಡೂಣು, ಆಮ್ಯಾಲೆ ಮಾತಾಡೂಣು" ಎಂದೆ.

ಒಂದು ಪಾಠಶಾಲೆಯ ಕಥೆ

ಶಿವಯೋಗ ಮಂದಿರವನ್ನು 1909ರಲ್ಲಿ ಸ್ಥಾಪಿಸಿದವರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಸ್ವಾಮಿಗಳು. ರಾಣೆಬೆನ್ನೂರು ಸೀಮೆಯ ಜೋಯಿಸರ ಹರಳಹಳ್ಳಿಯಲ್ಲಿ 1867ರಲ್ಲಿ ಹುಟ್ಟಿದ ಬಡವರ ಮನೆಯ ಹುಡುಗ ಅವರು. 1904ರಲ್ಲಿ ವೀರಶೈವ ಮಹಾಸಭೆಯನ್ನು ಕಟ್ಟಿದ ಮೇಲೆ ಅವರಿಗೆ ಒಂದು ಕೊರತೆ ಎದ್ದು ಕಂಡಿತು. ನಾಡಿನ ತುಂಬ ಮಠಗಳಿವೆ, ಆದರೆ ಆ ಮಠಗಳ ಪೀಠವೇರುವ ಹುಡುಗರಿಗೆ ಸರಿಯಾದ ಶಿಕ್ಷಣವಿಲ್ಲ. ಅಂಥವರಿಗಾಗಿ ಒಂದು ಗುರುಕುಲ ಬೇಕೆಂದು ಅವರು ಹೊರಟರು. ಇಳಕಲ್ಲಿನ ವಿಜಯ ಮಹಾಂತ ಸ್ವಾಮಿಗಳು ಅವರ ಬೆನ್ನಿಗೆ ನಿಂತರು. ಮಲಪ್ರಭೆಯ ದಂಡೆಯ ಈ ಏಕಾಂತದ ಜಾಗ ಗೊತ್ತಾಯಿತು.

ಇಲ್ಲಿಗೆ ಬರುವ ವಟುಗಳು ಎಳೆಯ ವಯಸ್ಸಿನವರು. ತಾಯಿ ತಂದೆಯನ್ನು ಬಿಟ್ಟು ಬಂದವರು. ಸಂಸ್ಕೃತ, ಕನ್ನಡ, ವಚನ, ಯೋಗ, ಪೂಜೆ, ಇವು ಅವರ ಕಲಿಕೆ. ಇಲ್ಲಿ ಕಲಿತ ಎಷ್ಟೋ ಮಂದಿ ಮುಂದೆ ನಾಡಿನ ಮಠಗಳಿಗೆ ಅಧಿಪತಿಗಳಾದರು, ಆ ಮಠಗಳು ಶಾಲೆಗಳನ್ನೂ ವಸತಿನಿಲಯಗಳನ್ನೂ ತೆರೆದವು. ಉತ್ತರ ಕರ್ನಾಟಕದಲ್ಲಿ ನನ್ನ ತಲೆಮಾರಿನ ಎಷ್ಟೋ ಬಡ ಹುಡುಗರು ಮಠದ ಪ್ರಸಾದ ಉಂಡು ಓದಿದವರೇ.

ಒಂದು ದೃಷ್ಟಿಯಿಂದ ನೋಡಿದರೆ, ಮನೆಯಿಂದ ಮಕ್ಕಳನ್ನು ಬಿಡಿಸಿ ತಂದು, ಒಂದೇ ವಿದ್ಯೆಗೆ ಅವರ ಬಾಲ್ಯವನ್ನೆಲ್ಲ ಒಪ್ಪಿಸಿ, ದೂರದ ಊರುಗಳಿಗೆ ಕಳಿಸುವ ಸಂಸ್ಥೆ ಇದು. ಇಂದಿನ ಕ್ರೀಡಾ ಅಕಾಡೆಮಿಗಳು ಮಾಡುವುದೂ ಅದನ್ನೇ. ಹಾಗಾದರೆ ಲಕೋಟೆಯ ಕಾಗದಕ್ಕೂ ಈ ಗುರುಕುಲಕ್ಕೂ ವ್ಯತ್ಯಾಸವೇನು? ಉತ್ತರ ಹುಡುಕಲು ಇಲ್ಲಿಗೇ ಸಂಬಂಧಪಟ್ಟ ಒಬ್ಬ ಹುಡುಗನ ಕಥೆ ಸಾಕು.

ಕಾಡಶೆಟ್ಟಿಹಳ್ಳಿಯ ಹುಡುಗ

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯ ಎಂಬ ಮಗು ಹುಟ್ಟಿತು. ಹುಟ್ಟುಕುರುಡು. ಅಣ್ಣ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಆ ಕಾಲದಲ್ಲಿ ಬಡವರ ಮನೆಯ ಕುರುಡು ಮಕ್ಕಳ ಮುಂದೆ ಇದ್ದ ದಾರಿ ಒಂದೇ, ಬೇಡಿ ತಿನ್ನುವುದು. ಆದರೆ ಈ ಇಬ್ಬರಿಗೂ ಒಳ್ಳೆಯ ಕಂಠವಿತ್ತು. ಕುಮಾರ ಸ್ವಾಮಿಗಳು ಅವರ ಹಾಡು ಕೇಳಿದರು. ಕೇಳಿ ಮೆಚ್ಚಿ ತಲೆದೂಗಿ ಹೋಗಿಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಮಕ್ಕಳ ಹೊಣೆಯನ್ನು ತಾವೇ ಹೊತ್ತರು.

ಮುಂದಿನದು ದೀರ್ಘ ಕಲಿಕೆ. ಕರ್ನಾಟಕ ಸಂಗೀತ ಕಲಿಯಲು ಗದಿಗೆಯ್ಯನನ್ನು ಮೈಸೂರಿಗೆ ಕಳಿಸಲಾಯಿತು. ಹಿಂದೂಸ್ತಾನಿ ಕಲಿಸಲು ಮಿರಜಿನ ನೀಲಕಂಠ ಬುವಾ ಅವರನ್ನು ಶಿವಯೋಗ ಮಂದಿರಕ್ಕೇ ಕರೆಸಿಕೊಳ್ಳಲಾಯಿತು. ಮಲ್ಲಿಕಾರ್ಜುನ ಮನಸೂರರಿಗೂ ಗುರುವಾಗಿದ್ದ ಗ್ವಾಲಿಯರ್ ಘರಾಣೆಯ ಗವಾಯಿಗಳು ಇವರೇ. ಹುಡುಗನಲ್ಲಿ ವಿದ್ಯೆಯಿದೆ ಎಂದು ಕಂಡಾಗ, ಹುಡುಗನ ಮನೆಯವರಿಂದ ಹಣ ಕೇಳದೆ, ಗುರುವನ್ನೇ ಇವನಿದ್ದಲ್ಲಿಗೆ ಕರೆತಂದರು ಎಂಬುದನ್ನು ನಾವು ಗಮನಿಸಬೇಕು.

ಈ ಗದಿಗೆಯ್ಯನೇ ಪಂಚಾಕ್ಷರ ಗವಾಯಿಗಳು. ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಳಗಿದವರು. ಆದರೆ ಅವರ ಹೆಸರು ಉಳಿದಿರುವುದು ಅವರು ಹಾಡಿದ ರಾಗಗಳಿಂದ ಮಾತ್ರವಲ್ಲ. ಅಂಧರಿಗೆ, ಅನಾಥರಿಗೆ ವಿದ್ಯೆ ಕೊಡಬೇಕೆಂಬ ಗುರುವಿನ ಆದೇಶವನ್ನು ಅವರು ಜೀವನದ ಕೆಲಸ ಮಾಡಿಕೊಂಡರು. ಶಿಷ್ಯರನ್ನು ಕಟ್ಟಿಕೊಂಡು ಊರಿಂದೂರಿಗೆ ತಿರುಗುತ್ತ ಸಂಚಾರಿ ಪಾಠಶಾಲೆ ನಡೆಸಿದರು. ಹೊಟ್ಟೆಪಾಡಿಗೆ ನಾಟಕ ಕಂಪನಿಯನ್ನೂ ಕಟ್ಟಿದರು. ಕೊನೆಗೆ ಗದಗಿನಲ್ಲಿ ನೆಲೆನಿಂತರು. ಅಲ್ಲಿನ ವೀರೇಶ್ವರ ಪುಣ್ಯಾಶ್ರಮ ಅವರದು. 1944ರಲ್ಲಿ ಅವರು ತೀರಿಕೊಂಡ ಮೇಲೆ ಹೊಣೆ ಹೊತ್ತವರು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು. ಅವರೂ ಹಾನಗಲ್ಲ ಸೀಮೆಯವರು, ಅವರೂ ಕೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. 1914ರಲ್ಲಿ ಹುಟ್ಟಿ 2010ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಸಾವಿರಾರು ಮಕ್ಕಳಿಗೆ ಅನ್ನ, ವಿದ್ಯೆ ಎರಡನ್ನೂ ಕೊಟ್ಟರು. 2010ರಲ್ಲೇ ಅವರಿಗೆ ಪದ್ಮಭೂಷಣವೂ ಬಂತು. ಯಲಿವಾಳದ ಬಸವರಾಜ ರಾಜಗುರು ಅವರೂ ಹದಿಮೂರರ ಪ್ರಾಯದಲ್ಲಿ ಪಂಚಾಕ್ಷರ ಗವಾಯಿಗಳ ಕೈ ಸೇರಿದವರೇ.

ಒಬ್ಬ ಕುರುಡು ಹುಡುಗನ ಕಂಠವನ್ನು ಒಬ್ಬರು ಗುರುತಿಸಿದ್ದರಿಂದ ಇಷ್ಟೆಲ್ಲ ಆಯಿತು. ಗದ್ದುಗೆಯ ಮುಂದೆ ಕುಳಿತು ಇದನ್ನು ಹೇಳಿದಾಗ ಮಕ್ಕಳು ಗಲಾಟೆ ಮಾಡದೆ ಕೇಳಿದರು. ಕುಮಾರ ಸ್ವಾಮಿಗಳು ಐಕ್ಯರಾದದ್ದು 1930ರ ಫೆಬ್ರವರಿಯಲ್ಲಿ. ಅವರ ಗದ್ದುಗೆ ಇರುವುದು ಇಲ್ಲಿಯೇ.

ಕೆಂಪು ಜರ್ಸಿಯ ಹುಡುಗ ಕೈ ಎತ್ತಿದ. "ಸರ್, ಮಾನೆನೂ ಬಡವರ ಮನ್ಯಾಂವನ ರೀ."

ಬಂಬಾಲಿಯಿಂದ ಮೆಟ್ಜ್‌ವರೆಗೆ

ಹುಡುಗ ಹೇಳಿದ್ದು ನಿಜ. ಅವನಿಗೆ ಆ ಕಥೆ ಬಾಯಿಪಾಠವಾಗಿತ್ತು. ಅವನು ಬಿಟ್ಟದ್ದನ್ನು ನಾನು ಸೇರಿಸಿದೆ.

ಸೆನೆಗಲ್ ಆಫ್ರಿಕಾ ಖಂಡದ ಪಶ್ಚಿಮದ ತುದಿಯ ದೇಶ. ಅದರ ದಕ್ಷಿಣ ಭಾಗದಲ್ಲಿ ಕಾಸಮಾನ್ಸ್ ನದಿಯ ಬಯಲಿದೆ. ಅಲ್ಲಿನ ಬಂಬಾಲಿ ಎಂಬ ಹಳ್ಳಿಯಲ್ಲಿ 1992ರ ಏಪ್ರಿಲ್ 10ರಂದು ಮಾನೆ ಹುಟ್ಟಿದ. ಏಳು ವರ್ಷದವನಿದ್ದಾಗ ತಂದೆ ತೀರಿಕೊಂಡರು. ಊರಲ್ಲಿ ಆಸ್ಪತ್ರೆ ಇರಲಿಲ್ಲ. ಮನೆಯವರಿಗೆ ಹುಡುಗ ಓದಬೇಕೆಂಬ ಆಸೆ, ಹುಡುಗನಿಗೆ ಚೆಂಡಿನ ಹುಚ್ಚು. ಹದಿನೈದರ ಪ್ರಾಯದಲ್ಲಿ ಒಂದು ದಿನ ಮನೆಯಲ್ಲಿ ಹೇಳದೆ ಸುಮಾರು 400 ಕಿಲೋಮೀಟರ್ ದೂರದ ರಾಜಧಾನಿ ಡಕಾರಿಗೆ ಓಡಿಹೋದ. ಮನೆಯವರು ಪತ್ತೆಹಚ್ಚಿ ಮರಳಿ ಕರೆತಂದರು. ಕರೆತಂದು ಒಂದು ಒಪ್ಪಂದಕ್ಕೆ ಬಂದರು. ಆ ವರ್ಷದ ಶಾಲೆ ಮುಗಿಸು, ಆಮೇಲೆ ಹೋಗು. ಹುಡುಗ ಶಾಲೆ ಮುಗಿಸಿದ, ಆಮೇಲೆ ಹೋದ.

ಡಕಾರಿನ ಆಯ್ಕೆಯ ದಿನ ಅವನ ಕಾಲಿನಲ್ಲಿ ಹರಿದ ಬೂಟುಗಳಿದ್ದವು. 'ಈ ಬೂಟಿನಲ್ಲಿ ಆಡುತ್ತೀಯಾ?' ಎಂದು ಹಿರಿಯರೊಬ್ಬರು ಕೇಳಿದ್ದನ್ನು ಮಾನೆ ಮುಂದೆ ಸ್ವತಃ ನೆನಪಿಸಿಕೊಂಡಿದ್ದಾನೆ. ಆಡಿದ. ಜೆನೆರಾಸಿಯೊಂ ಫುಟ್ ಎಂಬ ಅಕಾಡೆಮಿ ಅವನನ್ನು ತೆಗೆದುಕೊಂಡಿತು. ಅದಕ್ಕೂ ಫ್ರಾನ್ಸಿನ ಮೆಟ್ಜ್ ಕ್ಲಬ್ಬಿಗೂ ಹಳೆಯ ಸಂಬಂಧ. 2011ರಲ್ಲಿ, ಅಂದರೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅವನು ಮೆಟ್ಜ್‌ಗೆ ಹೋದ. ಹೋಗುವಾಗಲೇ ಗಾಯವಾಗಿತ್ತು. ಎಲ್ಲಿ ವಾಪಸು ಕಳಿಸುತ್ತಾರೋ ಎಂಬ ಹೆದರಿಕೆಯಿಂದ ನೋವನ್ನು ಮುಚ್ಚಿಟ್ಟು ಆಡಿದ. ಮಕ್ಕಳಿಗೆ ಇದನ್ನು ಹೇಳುವಾಗ, ಇದು ಅನುಕರಿಸುವ ಗುಣವಲ್ಲ ಎಂದೂ ಹೇಳಿದೆ. ನೋವು ದೇಹವು ಕೊಡುವ ಎಚ್ಚರಿಕೆ. ಮುಚ್ಚಿಟ್ಟರೆ ಕಾಲೇ ಹೋಗಬಹುದು.

ಮುಂದಿನದನ್ನು ಕ್ರೀಡಾಪುಟ ಓದುವ ಮಕ್ಕಳೆಲ್ಲ ಬಲ್ಲರು. 2012ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್, 2014ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್. ಅಲ್ಲಿ 2015ರ ಮೇ ತಿಂಗಳ ಒಂದು ಪಂದ್ಯದಲ್ಲಿ 176 ಸೆಕೆಂಡುಗಳೊಳಗೆ ಮೂರು ಗೋಲು, ಪ್ರೀಮಿಯರ್ ಲೀಗಿನ ದಾಖಲೆ. 2016ರಲ್ಲಿ ಲಿವರ್‌ಪೂಲ್; ಆ ತಂಡದೊಡನೆ 2019ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್, 2020ರಲ್ಲಿ ಇಂಗ್ಲೆಂಡಿನ ಲೀಗ್. 2022ರ ಫೆಬ್ರವರಿಯಲ್ಲಿ ಆಫ್ರಿಕಾ ಕಪ್ಪಿನ ಫೈನಲ್ಲಿನಲ್ಲಿ ಈಜಿಪ್ಟಿನ ವಿರುದ್ಧ ಕೊನೆಯ ಪೆನಾಲ್ಟಿ ಹೊಡೆದು ಸೆನೆಗಲ್ಲಿಗೆ ಮೊದಲ ಸಲ ಕಪ್ ತಂದುಕೊಟ್ಟ. ಅದೇ ವರ್ಷ ಜರ್ಮನಿಯ ಬಯರ್ನ್ ಮ್ಯೂನಿಕ್ ಸೇರಿದ. ಕಾಲಿನ ಗಾಯದಿಂದ ಕತಾರಿನ ವಿಶ್ವಕಪ್ ತಪ್ಪಿತು. 2023ರಲ್ಲಿ ಯುರೋಪು ಬಿಟ್ಟು ಸೌದಿ ಅರೇಬಿಯಾದ ಕ್ಲಬ್ಬಿಗೆ ಹೋದ. ಹನ್ನೆರಡು ವರ್ಷಗಳ ಯುರೋಪಿನ ವೃತ್ತಿ ಅಲ್ಲಿಗೆ ಮುಗಿಯಿತು.

ಇಷ್ಟರ ನಡುವೆ ಅವನು ತನ್ನ ಬಂಬಾಲಿಗೆ ಒಂದು ಶಾಲೆ ಕಟ್ಟಿಸಿದ, 2021ರಲ್ಲಿ ಆಸ್ಪತ್ರೆ ಕಟ್ಟಿಸಿದ. ತಂದೆ ತೀರಿಕೊಂಡಾಗ ಇಲ್ಲದಿದ್ದ ಆಸ್ಪತ್ರೆ. ಕಾಡಶೆಟ್ಟಿಹಳ್ಳಿಯ ಹುಡುಗ ಅಂಧರಿಗೆ ಆಶ್ರಮ ಕಟ್ಟಿದ್ದಕ್ಕೂ ಬಂಬಾಲಿಯ ಹುಡುಗ ಆಸ್ಪತ್ರೆ ಕಟ್ಟಿದ್ದಕ್ಕೂ ನಡುವೆ ಸಮುದ್ರಗಳಿವೆ, ಒಂದು ಶತಮಾನವೂ ಹತ್ತಿರ ಹತ್ತಿರ ಇದೆ. ಆದರೆ ತಮಗೆ ಇಲ್ಲದ್ದನ್ನು ಮುಂದಿನವರಿಗೆ ಮಾಡಿಟ್ಟ ಮನಸ್ಸು ಒಂದೇ.

ವಿಭೂತಿಯ ನೀರು

ವಿಜ್ಞಾನದ ಮಾಸ್ತರನಿಗೆ ಇಲ್ಲೇನು ಕೆಲಸ ಎಂದು ಮೊದಲಿಗೆ ಕೇಳಿದ ಪ್ರಶ್ನೆಗೆ ಈಗ ಬರೋಣ. ಶಿವಯೋಗ ಮಂದಿರದ ವಿಭೂತಿ ಹೆಸರಾದದ್ದು. ಆಕಳ ಸಗಣಿಯ ಉಂಡೆ ಕಟ್ಟಿ, ಒಣಗಿಸಿ, ಸುಡುತ್ತಾರೆ. ಆ ಬೂದಿಯನ್ನು ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ತಿಳಿಯಾಗಲು ಬಿಡುತ್ತಾರೆ. ಕೆಳಗೆ ಕೂತ ನುಣುಪಾದ ಭಾಗವನ್ನು ಗಟ್ಟಿ ಮಾಡಿ ಒಣಗಿಸಿದರೆ ವಿಭೂತಿ. ಶಾಲೆಯ ಪುಸ್ತಕಗಳಲ್ಲಿ ದಹನ, ಸೋಸುವಿಕೆ, ತಳವೂರುವಿಕೆ ಎಂದು ಬೇರೆಬೇರೆ ಪಾಠಗಳಾಗಿರುವುದು ಇಲ್ಲಿ ಒಂದೇ ಕೆಲಸದಲ್ಲಿ ಕಾಣುತ್ತದೆ. ಸಗಣಿಯಲ್ಲಿನ ಸಾವಯವ ಪದಾರ್ಥ ಉರಿದುಹೋಗಿ ಖನಿಜಗಳು ಉಳಿಯುತ್ತವೆ. ಪೊಟ್ಯಾಸಿಯಮ್ಮಿನ ಲವಣಗಳು ನೀರಿನಲ್ಲಿ ಕರಗಿ ಹೋಗುತ್ತವೆ. ಮರಳಿನ ಒರಟು ಕಣಗಳು ಬಟ್ಟೆಯಲ್ಲಿ ಉಳಿಯುತ್ತವೆ ಅಥವಾ ಬೇಗನೆ ತಳ ಸೇರುತ್ತವೆ. ಸಣ್ಣ ಕಣ ನಿಧಾನವಾಗಿ ಇಳಿಯುತ್ತದೆ.

ಇದನ್ನು ಮಕ್ಕಳಿಗೆ ವಿವರಿಸುತ್ತಿದ್ದಾಗ ಲಕೋಟೆಯ ಪ್ರಶ್ನೆಗೆ ಬೇಕಾದ ಮಾತು ನನಗೇ ಹೊಳೆಯಿತು. ಆಯ್ಕೆ ಎಂದರೆ ಸೋಸುವುದು. ನೂರು ಮಕ್ಕಳನ್ನು ಸೋಸಿದರೆ ಒಬ್ಬ ಮಾನೆ ಸಿಗುತ್ತಾನೋ ಇಲ್ಲವೋ ಹೇಳಲಾಗದು. ಬಟ್ಟೆಯಲ್ಲಿ ಉಳಿದವರ ಗತಿ ಏನು? ವಿಭೂತಿ ಮಾಡುವಾಗ ಉಳಿದ ಬೂದಿಯನ್ನು ಹೊಲಕ್ಕೆ ಹಾಕಿದರೆ ಗೊಬ್ಬರ, ಅದೂ ವ್ಯರ್ಥವಲ್ಲ. ಮಕ್ಕಳ ವಿಷಯದಲ್ಲಿ ನಾವು ಅಷ್ಟು ಜಾಣರಲ್ಲ. ಗೆದ್ದವನ ಹೆಸರಿನ ಅಂಗಿ ಹೊಲಿಯುತ್ತೇವೆ, ಉಳಿದವರನ್ನು ಮರೆಯುತ್ತೇವೆ.

ಇದಕ್ಕೆ ಆಫ್ರಿಕಾಕ್ಕೆ ಹೋಗಬೇಕಾಗಿಲ್ಲ. ನಮ್ಮ ಪಕ್ಕದ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿ ಜನಾಂಗದವರಿದ್ದಾರೆ. ಶತಮಾನಗಳ ಹಿಂದೆ ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಆಫ್ರಿಕಾದಿಂದ ಬಂದವರ ಸಂತತಿ. ಕನ್ನಡ, ಕೊಂಕಣಿ ಮಾತಾಡುವ ನಮ್ಮವರೇ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಒಂದು ವಿಶೇಷ ಯೋಜನೆಯಡಿ ಇವರ ಮಕ್ಕಳನ್ನು ಹುಡುಕಿ ಆರಿಸಿತು. ಆಫ್ರಿಕಾ ಮೂಲದವರಾದ್ದರಿಂದ ಓಟದಲ್ಲಿ ಮಿಂಚುತ್ತಾರೆ ಎಂಬುದು ಎಣಿಕೆ. ಮಕ್ಕಳು ಮನೆ ಬಿಟ್ಟು ದೂರದ ತರಬೇತಿ ಕೇಂದ್ರಗಳಿಗೆ ಹೋದರು. ಹಲವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು. 1993ರಲ್ಲಿ ಯೋಜನೆ ನಿಂತುಹೋಯಿತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು. ಉಳಿದವರು ಅರ್ಧ ಓದು, ಅರ್ಧ ಓಟ ಹೊತ್ತು ಊರಿಗೆ ಮರಳಿದರು. ಪರಿಶಿಷ್ಟ ಪಂಗಡವೆಂದು ಸಿದ್ದಿಯರಿಗೆ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ, ಆ ಮಕ್ಕಳು ಓಡಿ ದಣಿದು ಹತ್ತು ವರ್ಷದ ಮೇಲೆ.

ಯೋಜನೆ ಮಾಡಿದವರ ಉದ್ದೇಶ ಕೆಟ್ಟದಾಗಿರಲಿಲ್ಲ. ಆದರೆ ರಕ್ತದಲ್ಲೇ ಓಟವಿದೆ ಎಂದು ನಂಬುವುದು ವಿಜ್ಞಾನವಲ್ಲ. ಊಟ, ತರಬೇತಿ, ಗುರು, ಕಾಲ, ಇವೆಲ್ಲ ಸೇರಿದರೆ ಓಟ. ಅದಕ್ಕಿಂತ ಮುಖ್ಯವಾಗಿ, ಮಗುವನ್ನು ಮನೆಯಿಂದ ಬಿಡಿಸಿದವನು ನಡುದಾರಿಯಲ್ಲಿ ಕೈಬಿಡಬಾರದು.

ಕಾಯದೆ ಏನು ಹೇಳುತ್ತದೆ

ಸಂಜೆ ಹೊಳೆಯ ಮೆಟ್ಟಿಲ ಮೇಲೆ ಹುಡುಗ, ಅವನ ತಂದೆ, ನಾನು ಮೂವರೂ ಕುಳಿತೆವು. ಆಟದ ಕಾಯದೆಯನ್ನು ನಾನು ತಿಳಿದಷ್ಟು ಹೇಳಿದೆ. ಬೇರೆ ಪಾಲಕರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಜಗತ್ತಿನ ಫುಟ್‌ಬಾಲನ್ನು ನಡೆಸುವ ಫಿಫಾ ಸಂಸ್ಥೆ 2001ರಲ್ಲಿ ಒಂದು ನಿಯಮ ತಂದಿತು. ಹದಿನೆಂಟು ತುಂಬದ ಆಟಗಾರನನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗಾಯಿಸುವಂತಿಲ್ಲ. ಕೆಲವು ವಿನಾಯಿತಿಗಳಿವೆ. ತಂದೆತಾಯಿ ಫುಟ್‌ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಆಗಬಹುದು; ಯುರೋಪಿನ ಒಕ್ಕೂಟದ ದೇಶಗಳ ಒಳಗೊಳಗೇ ಹದಿನಾರು ತುಂಬಿದವರಿಗೆ ಆಗಬಹುದು; ಗಡಿಯ ಅಂಚಿನಲ್ಲಿ ಇರುವವರಿಗೆ ಆಗಬಹುದು. ಬಾಗಲಕೋಟೆ ಜಿಲ್ಲೆಯ ಹದಿನಾಲ್ಕು ವರ್ಷದ ರೈತನ ಮಗನಿಗೆ ಇದರಲ್ಲಿ ಯಾವುದೂ ಹೊಂದುವುದಿಲ್ಲ. ಆದ್ದರಿಂದ ಅವನಿಗೆ ಯುರೋಪಿನ ಕ್ಲಬ್ಬಿನ ಕರಾರು ಕೊಡಿಸುತ್ತೇನೆ ಎನ್ನುವವನು ಒಂದೋ ನಿಯಮ ತಿಳಿಯದವನು, ಇಲ್ಲವೇ ತಿಳಿದೂ ಸುಳ್ಳು ಹೇಳುವವನು. ನಿಯಮ ಬರೀ ಕಾಗದದ ಮೇಲಿಲ್ಲ. ಚಿಕ್ಕ ಪ್ರಾಯದ ಮಕ್ಕಳ ವಿಷಯದಲ್ಲಿ ನಿಯಮ ಮುರಿದದ್ದಕ್ಕೆ ಬಾರ್ಸಿಲೋನಾದಂಥ ದೊಡ್ಡ ಕ್ಲಬ್ಬಿಗೇ 2014ರಲ್ಲಿ ಶಿಕ್ಷೆಯಾಗಿ, ಮರುವರ್ಷ ಹೊಸ ಆಟಗಾರರನ್ನು ಕೊಳ್ಳದಂತೆ ತಡೆ ಬಿತ್ತು.

ಈ ನಿಯಮ ಬಂದದ್ದಕ್ಕೆ ಕಾರಣವಿದೆ. ಆಫ್ರಿಕಾದ ಎಷ್ಟೋ ಹುಡುಗರನ್ನು ದಲ್ಲಾಳಿಗಳು ಮನೆಯವರಿಂದ ಹಣ ಕಿತ್ತು ಯುರೋಪಿಗೆ ಒಯ್ದು, ಆಯ್ಕೆಯಾಗದಿದ್ದಾಗ ಬೀದಿಯಲ್ಲಿ ಬಿಟ್ಟು ಹೋದರು. ಅಂಥವರ ಕೈ ಹಿಡಿಯಲು ಕ್ಯಾಮರೂನಿನ ಹಳೆಯ ಆಟಗಾರ ಜಾನ್ ಕ್ಲೋದ್ ಎಂಬೂಮಿನ್ ಫ್ರಾನ್ಸಿನಲ್ಲಿ ಒಂದು ಸಂಸ್ಥೆಯನ್ನೇ ತೆರೆಯಬೇಕಾಯಿತು. ಮಾನೆ ಹೋದದ್ದು ಹತ್ತೊಂಬತ್ತಕ್ಕೆ, ತನ್ನ ದೇಶದ ಅಕಾಡೆಮಿಯಲ್ಲಿ ಪಳಗಿದ ಮೇಲೆ ಎಂಬುದನ್ನು ಅವನ ಜರ್ಸಿ ತೊಡುವ ಮಕ್ಕಳು ಮರೆಯಬಾರದು.

ಇನ್ನೊಂದು ನಿಯಮವೂ ಇದೆ, ಅದು ನನಗೆ ಬಹಳ ಮೆಚ್ಚುಗೆಯಾದದ್ದು. ಆಟಗಾರನೊಬ್ಬ ಕರಾರಿನ ನಡುವೆ ದೇಶದಿಂದ ದೇಶಕ್ಕೆ ಹಣಕ್ಕೆ ವರ್ಗವಾದಾಗ, ಆ ಹಣದ ನೂರಕ್ಕೆ ಐದು ಭಾಗ ಅವನನ್ನು ಹನ್ನೆರಡರಿಂದ ಇಪ್ಪತ್ತಮೂರರ ಪ್ರಾಯದವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ಅಂದರೆ ಈ ಆಟದ ವ್ಯವಸ್ಥೆಯಲ್ಲಿ ಹಣ ಹರಿಯುವ ದಿಕ್ಕು ಕ್ಲಬ್ಬಿನಿಂದ ಹುಡುಗನನ್ನು ಬೆಳೆಸಿದವರ ಕಡೆಗೆ. ಲಕೋಟೆಯ ಕಾಗದದಲ್ಲಿ ಅದು ತಿರುಗಾಮುರುಗಾ; ಹುಡುಗನ ತಂದೆಯ ಹೊಲದಿಂದ ದಲ್ಲಾಳಿಯ ಜೇಬಿಗೆ.

ತಂದೆ ಸುಮ್ಮನೆ ಕೇಳುತ್ತಿದ್ದರು. ಹುಡುಗ ಬಹಳ ಹೊತ್ತು ಹೊಳೆಯನ್ನೇ ನೋಡುತ್ತ ಕುಳಿತಿದ್ದ. ಆಮೇಲೆ ಕೇಳಿದ, "ಸರ್, ಆ ಗವಾಯಿಗಳ ಮನ್ಯಾಗ ಸ್ವಾಮಿಗಳು ರೊಕ್ಕ ಕೇಳಿದ್ರೇನ್ರೀ?"

"ಇಲ್ಲಪಾ. ತಾವ ಜೋಳಿಗಿ ಹಿಡಕೊಂಡು ತಿರುಗಿದ್ರು" ಎಂದೆ.

ಅವನು ಮತ್ತೆ ಏನೂ ಕೇಳಲಿಲ್ಲ. ಅವನ ಕಣ್ಣು ತುಂಬಿದ್ದನ್ನು ನಾನು ನೋಡಿಯೂ ನೋಡದಂತೆ ಇದ್ದೆ. ಆಸೆಯೊಂದು ಸುಳ್ಳೆಂದು ತಿಳಿಯುವುದು ಯಾವ ವಯಸ್ಸಿನಲ್ಲೂ ಸುಲಭವಲ್ಲ.

ಆದರೆ ದಾರಿ ಮುಚ್ಚಿಲ್ಲ ಎಂದು ಹೇಳುವುದು ನನ್ನ ಕರ್ತವ್ಯವಾಗಿತ್ತು. ರಾಜ್ಯದ ಯುವಜನ ಸೇವೆ ಮತ್ತು ಕ್ರೀಡಾ ಇಲಾಖೆ ಕ್ರೀಡಾ ವಸತಿನಿಲಯಗಳನ್ನು ನಡೆಸುತ್ತದೆ. ಆಯ್ಕೆಯಾದ ಮಕ್ಕಳಿಗೆ ಊಟ, ವಸತಿ, ತರಬೇತಿ ಉಚಿತ, ಶಾಲೆಯೂ ಜೊತೆಗೇ. ಖಾಸಗಿ ಅಕಾಡೆಮಿಗೆ ಸೇರಿಸುವುದಾದರೆ ಅದಕ್ಕೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಮಾನ್ಯತೆ ಇದೆಯೇ ಎಂದು ನೋಡಬೇಕು. ಏಜೆಂಟ್ ಎಂದು ಹೇಳಿಕೊಂಡು ಬಂದವನಿಗೆ ಫಿಫಾದ ಪರವಾನಗಿ ಇದೆಯೇ ಎಂದು ಕೇಳಬೇಕು. ಪರೀಕ್ಷೆ ಪಾಸಾದವರಿಗೆ ಮಾತ್ರ ಅದನ್ನು ಕೊಡುವ ಪದ್ಧತಿ 2023ರಿಂದ ಮತ್ತೆ ಬಂದಿದೆ. ಎಲ್ಲಕ್ಕಿಂತ ಮೊದಲು ಮೂರು ಪ್ರಶ್ನೆ ಕೇಳಬೇಕು. ಹುಡುಗನ ಶಾಲೆ ಮುಂದುವರಿಯುತ್ತದೆಯೇ? ಕಾಲಿಗೆ ಪೆಟ್ಟಾದರೆ ಯಾರು ನೋಡುತ್ತಾರೆ? ಆಯ್ಕೆಯಾಗದಿದ್ದರೆ ಮನೆಗೆ ಮರಳಿ ತಂದು ಬಿಡುವವರು ಯಾರು? ಇವಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡದವರಿಗೆ ಮಗುವನ್ನೂ ಕೊಡಬಾರದು, ಹೊಲದ ಕಾಗದವನ್ನೂ ಕೊಡಬಾರದು.

ಬಂಬಾಲಿಯ ಮನೆಯವರು ಓಡಿಹೋದ ಮಗನೊಡನೆ ಮಾಡಿಕೊಂಡ ಒಪ್ಪಂದವನ್ನೇ ಇವರೂ ಮಾಡಿಕೊಂಡರು. ಎಸ್ಸೆಸ್ಸೆಲ್ಸಿ ಮುಗಿಯಲಿ. ಅಷ್ಟರೊಳಗೆ ವಸತಿನಿಲಯದ ಆಯ್ಕೆಗೆ ಹೋಗಲಿ. ಆಟ ಬಿಡುವುದು ಬೇಡ. ಲಕೋಟೆಯನ್ನು ತಂದೆ ಮಡಿಚಿ ಮತ್ತೆ ಒಳಜೇಬಿಗೆ ಇಟ್ಟುಕೊಂಡರು. ಹರಿದು ಹೊಳೆಗೆ ಎಸೆಯುತ್ತಾರೇನೋ ಎಂದುಕೊಂಡಿದ್ದೆ. "ಇರಲಿ ಬಿಡ್ರಿ, ಓಣ್ಯಾಗ ಇನ್ನೂ ನಾಕ ಮಂದಿಗೆ ಇಂಥದ್ದ ಕಾಗದ ಬಂದೈತಿ, ತೋರಸ್ತೀನಿ" ಎಂದರು. ನನಗಿಂತ ಅವರೇ ಹೆಚ್ಚು ತಿಳಿದವರು ಎನಿಸಿತು.

ಕತ್ತಲಾಗುವ ಮೊದಲು ಬಸ್ ಹತ್ತಿದೆವು. ಮಲಪ್ರಭೆ ಇಲ್ಲಿಂದ ಪಟ್ಟದಕಲ್ಲು, ಐಹೊಳೆಗಳನ್ನು ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಸಣ್ಣಗೆ ಹರಿಯುವ ಇದೇ ಹೊಳೆ 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನುಗ್ಗಿತ್ತು. ಮಳೆಗಾಲದಲ್ಲಿ ಬರುವವರು ಮಕ್ಕಳನ್ನು ನೀರಿಗೆ ಇಳಿಸದಿರುವುದು ಒಳ್ಳೆಯದು. ಬಾದಾಮಿ, ಬನಶಂಕರಿ, ಶಿವಯೋಗ ಮಂದಿರ, ಮಹಾಕೂಟ, ಪಟ್ಟದಕಲ್ಲು, ಇಷ್ಟನ್ನೂ ಒಂದು ದಿನ ಬೆಳಿಗ್ಗೆ ಬೇಗ ಹೊರಟರೆ ನೋಡಬಹುದು. ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಚಳಿಗಾಲ ಸೊಗಸು. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ಬಂದವರು ಇಲ್ಲಿಗೂ ಒಂದು ಹೆಜ್ಜೆ ಇಟ್ಟು ಹೋಗಬಹುದು.

ಬನಶಂಕರಿಯಲ್ಲಿ ಬಸ್ ನಿಂತಾಗ ಎಲ್ಲರೂ ರೊಟ್ಟಿ ತಿಂದರು. ಕೆಂಪು ಜರ್ಸಿಯ ಹುಡುಗ ಎರಡು ರೊಟ್ಟಿ ತಿಂದು, ಮೂರನೆಯದನ್ನು ಅವನ ಅಪ್ಪ ತಟ್ಟೆಗೆ ಹಾಕಿದಾಗ ಬೇಡವೆನ್ನಲಿಲ್ಲ. ನಮಗೆಲ್ಲ ಅದರಿಂದ ಸ್ವಲ್ಪ ಸಮಾಧಾನವಾಯಿತು.